ಮಾರಿಕಣಿವೆಯ ತವರಿಗೆ ಹೋಗಿ ಬಂದು

ಚಿತ್ರದುರ್ಗ ಜಿಲ್ಲೆಯ ನನ್ನ ಜನರಿಗೆ ಮತ್ತು ಜಿಲ್ಲಾಡಳಿತದ ಹಿರಿಯರಿಗೆ ನಮಸ್ಕಾರಗಳು.

2022ರ ಸೆಪ್ಟೆಂಬರ್‌ನಲ್ಲಿ ನಾವು ಮಾರಿಕಣಿವೆ ಎಂದು ಕರೆಯುವ ವಾಣಿವಿಲಾಸ ಸಾಗರ ಅಣೆಕಟ್ಟೆ ಕೋಡಿ ಬಿದ್ದದ್ದು ನಿಮಗೆಲ್ಲ ನೆನಪಿರುತ್ತದೆ. 1933ರಲ್ಲಿ ಬಿದ್ದ ಕೋಡಿ, ಆಮೇಲೆ ಬಿದ್ದದ್ದು 89 ವರ್ಷಗಳ ನಂತರ. ಹಿರಿಯೂರಿನ ಮನೆ ಮನೆಗೂ ಬೀಗ ಬಿದ್ದಿತ್ತು, ಜನರೆಲ್ಲ ಮಾರಿಕಣಿವೆಯಲ್ಲಿದ್ದರು. ನಮ್ಮ ಬೀದಿಯ ಒಬ್ಬ ಅಜ್ಜಿಯನ್ನು ಮೊಮ್ಮಕ್ಕಳು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಎತ್ತಿಕೊಂಡೇ ಬಂದಿದ್ದರು. ಅವರು ಹರಿಯುವ ನೀರಿಗೆ ಅರಿಶಿನ ಕುಂಕುಮ ಹಾಕಿ, ಮಡಿಲಿನಿಂದ ಎರಡು ಹಿಡಿ ಅಕ್ಕಿ ತೆಗೆದು ಬಿಟ್ಟು, "ಬಂದೆಯಾ ತಾಯಿ" ಎಂದು ಕೈಮುಗಿದರು. ಪಕ್ಕದಲ್ಲಿ ನಿಂತಿದ್ದ ನನ್ನ ಕಣ್ಣಲ್ಲೂ ನೀರು ಬಂದಿತ್ತು.

ಬಂದೆಯಾ ಎಂದು ಕೇಳಿದೆವು. ಎಲ್ಲಿಂದ ಬಂದೆ ಎಂದು ಕೇಳಲಿಲ್ಲ.

ನಾನು ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸಿದವಳು. ಬಾಬಾಬುಡನ್‌ಗಿರಿಯ ಪೂರ್ವದ ಇಳಿಜಾರಿನಲ್ಲಿ ಹುಟ್ಟುವ ವೇದಾ ಮತ್ತು ಅವತಿ ಎಂಬ ಎರಡು ತೊರೆಗಳು ಕಡೂರು ತಾಲ್ಲೂಕಿನಲ್ಲಿ ಕೂಡಿ ವೇದಾವತಿಯಾಗುತ್ತವೆ ಎಂದು ಪ್ರತಿ ವರ್ಷ ಕಪ್ಪು ಹಲಗೆಯ ಮೇಲೆ ಗೆರೆ ಎಳೆದು ತೋರಿಸುತ್ತಿದ್ದೆ. ಆ ಗೆರೆಯ ಮೇಲ್ತುದಿಯಲ್ಲಿ ಏನಿದೆ ಎಂದು ಕಣ್ಣಾರೆ ನೋಡಿದ್ದು ಮಾತ್ರ ನಿವೃತ್ತಿಯಾದ ಮೇಲೆ, ಹೋದ ಅಕ್ಟೋಬರ್‌ನಲ್ಲಿ. ನೋಡಿ ಬಂದ ದಿನದಿಂದ ಈ ಪತ್ರ ಮನಸ್ಸಿನಲ್ಲೇ ಕುದಿಯುತ್ತಿತ್ತು.

ಹೋಗಲು ನೆಪ ನನ್ನ ಮೊಮ್ಮಗಳು. ಒಂಬತ್ತನೆಯ ತರಗತಿಯ ಹುಡುಗಿ, ಹಕ್ಕಿಯ ಹುಚ್ಚು ಹತ್ತಿದೆ. ಕೊರಳಲ್ಲಿ ಸದಾ ದುರ್ಬೀನು. ಪಶ್ಚಿಮ ಘಟ್ಟದ ಎತ್ತರದ ಕಾಡುಗಳಲ್ಲಿ ಬಿಟ್ಟರೆ ಜಗತ್ತಿನ ಬೇರೆಲ್ಲೂ ಇಲ್ಲದ ಹಕ್ಕಿಗಳು ನಮ್ಮ ಗಿರಿಯಲ್ಲಿವೆ, ಕರೆದುಕೊಂಡು ಹೋಗು ಅಜ್ಜಿ ಎಂದು ಒಂದು ವರ್ಷ ಕಾಡಿದ್ದಳು. ಹೊಸದುರ್ಗ, ಕಡೂರಿನ ದಾರಿ ಹಿಡಿದು ನದಿಗೆ ಎದುರಾಗಿ ಹೊರಟೆವು. ದಾರಿಯಲ್ಲಿ ಸಖರಾಯಪಟ್ಟಣದ ಹತ್ತಿರದ ಅಯ್ಯನಕೆರೆಯ ಏರಿಯ ಮೇಲೆ ನಿಂತು ಬುತ್ತಿ ಬಿಚ್ಚಿದೆವು. ಬೆಟ್ಟಗಳ ನಡುವೆ ಕನ್ನಡಿ ಇಟ್ಟ ಹಾಗೆ ಮಲಗಿರುವ ಕೆರೆ. ವೇದಾ ಅದನ್ನು ತುಂಬಿಸಿಯೇ ಮುಂದಕ್ಕೆ ಹೊರಡುತ್ತಾಳೆ. ನಮಗಿಂತ ಮೊದಲು ಅವಳ ನೀರನ್ನು ಎಷ್ಟು ಊರುಗಳು ಉಣ್ಣುತ್ತವೆ ಎಂಬುದು ಏರಿಯ ಕೆಳಗಿನ ಗದ್ದೆಗಳನ್ನು ನೋಡಿದಾಗ ತಿಳಿಯಿತು.

ನಾವು ತಂಗಿದ್ದು ಗಿರಿಯ ಮಗ್ಗುಲಿನ ಒಂದು ಸಣ್ಣ ಹಳ್ಳಿಯಲ್ಲಿ. ಕಾಫಿ ತೋಟದ ದಂಪತಿ ತಮ್ಮ ಮನೆಯ ಎರಡು ಕೋಣೆಗಳನ್ನು ಅತಿಥಿಗಳಿಗೆ ಬಿಟ್ಟುಕೊಡುತ್ತಾರೆ. ಹಳ್ಳಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹೊರಡುವಾಗ ಮನೆಯೊಡತಿ ನನ್ನ ಕೈ ಹಿಡಿದು, "ಟೀಚರೇ, ಊರಿಗೆ ಹೋಗಿ ನಮ್ಮ ಊರಿನ ಹೆಸರು ಎಲ್ಲರಿಗೂ ಹೇಳಬೇಡಿ. ಪಕ್ಕದ ಗುಡ್ಡದ ಹೆಸರು ಯಾರೋ ಮೊಬೈಲಿನಲ್ಲಿ ಹಾಕಿದ ಮೇಲೆ ಅಲ್ಲಿ ಹುಲ್ಲೇ ಉಳಿದಿಲ್ಲ" ಎಂದರು. ನನ್ನ ಮಾತು ಉಳಿಸಿಕೊಳ್ಳುತ್ತೇನೆ. ಹೆಸರು ಬೇಕಾದವರು ಗಿರಿಯ ತಪ್ಪಲಿನ ಯಾವ ಹಳ್ಳಿಗೆ ಹೋದರೂ ಇದೇ ಮಂಜು, ಇದೇ ಕಾಡು.

ಬೆಳಗಿನ ಐದೂವರೆಗೆ ತೋಟದ ಕೆಲಸದ ಹುಡುಗನೊಬ್ಬ ಬಂದು ಬಾಗಿಲು ತಟ್ಟಿದ. ಮನೆಯವರು ಅವನನ್ನು ಹಕ್ಕಿ ತೋರಿಸಲು ಜೊತೆ ಮಾಡಿದ್ದರು. ಇಂಬಳ, ಅಂದರೆ ಕಾಡಿನ ಜಿಗಣೆ, ಹತ್ತದಿರಲಿ ಎಂದು ಕಾಲಿಗೆ ಹೊಗೆಸೊಪ್ಪಿನ ನೀರು ಸವರಿಸಿದ. ಹೊರಗೆ ನಾಲ್ಕು ಮಾರು ದೂರದ ಮರ ಕಾಣುತ್ತಿರಲಿಲ್ಲ. ಮಂಜು ಎಂದರೆ ಚಳಿಗಾಲದ ನಮ್ಮೂರಿನ ಇಬ್ಬನಿಯಂಥದಲ್ಲ. ಮೋಡವೇ ನೆಲಕ್ಕಿಳಿದು ನಮ್ಮ ನಡುವೆ ನಡೆದಾಡುತ್ತಿತ್ತು. ಎಲ್ಲೋ ಹಳ್ಳದ ಕಡೆಯಿಂದ ಯಾರೋ ಹುಡುಗ ನಿಧಾನವಾಗಿ ಸಿಳ್ಳೆ ಹಾಕುತ್ತಿದ್ದಂತೆ ಕೇಳಿಸಿತು. ರಾಗ ಅರ್ಧಕ್ಕೆ ಬಿಟ್ಟು ಮತ್ತೆ ಮೊದಲಿನಿಂದ. "ಇಷ್ಟು ಹೊತ್ತಿಗೇ ಯಾರಪ್ಪ ಎದ್ದವರು?" ಎಂದೆ. "ಅದು ಹಕ್ಕಿ ಅಮ್ಮ, ಸಿಳ್ಳಾರ" ಎಂದ. ಮೊಮ್ಮಗಳು ನನ್ನ ಮೊಣಕೈ ಹಿಸುಕಿ, ಮಾತಾಡಬೇಡ ಎಂದು ಬಾಯಿಗೆ ಬೆರಳಿಟ್ಟಳು.

ತೋಟದ ಅಂಚು ದಾಟಿ ಹುಲ್ಲುಗಾವಲಿನಲ್ಲಿ ಸ್ವಲ್ಪ ದೂರ ನಡೆದರೆ ಎರಡು ಗುಡ್ಡಗಳ ಸಂದಿನಲ್ಲಿ ಶೋಲಾ ಕಾಡು. ಮೇಲೆಲ್ಲ ಹುಲ್ಲು, ಮಡಿಕೆಗಳಲ್ಲಿ ಮಾತ್ರ ದಟ್ಟವಾದ, ಕುಳ್ಳಗಿನ, ತಿರುಚಿಕೊಂಡ ಮರಗಳು. ಹುಲ್ಲಿನ ಮೇಲೆ ನಡೆಯುವಾಗ ಮುಖಕ್ಕೆ ತಂಪು ತಾಗುತ್ತಿತ್ತೇ ಹೊರತು ಮಳೆ ಇರಲಿಲ್ಲ. ಕಾಡಿನೊಳಕ್ಕೆ ಹತ್ತು ಹೆಜ್ಜೆ ಇಟ್ಟೆವೋ ಇಲ್ಲವೋ, ಟಪ್ ಟಪ್ ಎಂದು ಹನಿಗಳು ತಲೆಯ ಮೇಲೆ ಬೀಳತೊಡಗಿದವು. ನಾನು ಕೊಡೆ ಬಿಚ್ಚಲು ಹೋದೆ. ಹುಡುಗ ನಕ್ಕ. "ಮಳೆ ಅಲ್ಲ ಅಮ್ಮ, ಮರ ಸುರಿಸುತ್ತಿರುವುದು."

ಅಲ್ಲಿದ್ದ ಒಂದು ಮರದ ಕಾಂಡವೆಲ್ಲ ಹಸಿರು ಪಾಚಿ, ಬೇರು ನೇತಾಡುವ ಸೀತಾಳೆ ಗಿಡಗಳು. ಅವನು ಆ ಪಾಚಿಯ ಮೇಲೆ ಅಂಗೈ ಊರಿ ಮೆಲ್ಲಗೆ ಒತ್ತಿದ. ಸ್ಪಂಜು ಹಿಂಡಿದ ಹಾಗೆ ನೀರು ಅವನ ಮಣಿಕಟ್ಟಿನಿಂದ ಮೊಣಕೈವರೆಗೆ ಹರಿಯಿತು. ನೀವೂ ಒತ್ತಿ ನೋಡಿ ಎಂದ. ಒತ್ತಿದೆ. ಐಸಿನಂಥ ನೀರು. ಮೊಮ್ಮಗಳು ಬುತ್ತಿಯ ಸ್ಟೀಲ್ ಡಬ್ಬಿಯ ಮುಚ್ಚಳವನ್ನು ಒಂದು ಕೊಂಬೆಯ ಕೆಳಗೆ ಹನಿ ಬೀಳುವಲ್ಲಿ ಇಟ್ಟಳು. ನಾವು ಒಂದು ಗಂಟೆ ಅಲ್ಲೇ ಹಕ್ಕಿಗಾಗಿ ಕಾದು ಕುಳಿತೆವು. ಎದ್ದಾಗ ಮುಚ್ಚಳದಲ್ಲಿ ಒಂದು ಬೆರಳು ನೀರು ನಿಂತಿತ್ತು. ಆಕಾಶದಿಂದ ಒಂದು ಹನಿ ಮಳೆ ಬಿದ್ದಿರಲಿಲ್ಲ.

ಮೂವತ್ತೊಂದು ವರ್ಷದ ಪಾಠ ನನಗೆ ಅರ್ಥವಾದದ್ದು ಆ ಒಂದು ಬೆರಳು ನೀರಿನಲ್ಲಿ. ಗಾಳಿಯಲ್ಲಿ ತೇಲಿ ಹೋಗುವ ಮೋಡ ಎಲೆಗೆ, ಕಡ್ಡಿಗೆ, ಪಾಚಿಗೆ ತಾಗಿ ಹನಿಯಾಗುತ್ತದೆ. ಹನಿ ಉದುರುವುದು ಮೊಣಕಾಲು ಮಟ್ಟದ ಕೊಳೆತ ಎಲೆಯ ಮೆತ್ತೆಗೆ. ಮೆತ್ತೆ ಅದನ್ನು ಕುಡಿದು ಇಟ್ಟುಕೊಂಡು ತಿಂಗಳುಗಟ್ಟಲೆ ಸಣ್ಣಗೆ ಬಿಡುತ್ತದೆ. ಸುತ್ತಲಿನ ಹುಲ್ಲು ಜೋರು ಮಳೆಯ ಪೆಟ್ಟನ್ನು ತಡೆದು ಮಣ್ಣು ಕೊಚ್ಚಿ ಹೋಗದಂತೆ ಹಿಡಿಯುತ್ತದೆ. ಹೀಗಾಗಿ ಮಳೆ ನಿಂತ ಮೇಲೂ ತೊರೆ ಬತ್ತುವುದಿಲ್ಲ. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ ಕಾಣುವ ನಮ್ಮ ಬಯಲುಸೀಮೆಯಲ್ಲಿ 30 ಟಿಎಂಸಿ ಹಿಡಿಯುವ ಅಣೆಕಟ್ಟೆಯನ್ನು 1898ರಲ್ಲಿ ಆರಂಭಿಸಿ 1907ರಲ್ಲಿ ಮುಗಿಸಿದ ಹಿರಿಯರು ನಂಬಿದ್ದು ನಮ್ಮೂರಿನ ಮೋಡವನ್ನಷ್ಟೇ ಅಲ್ಲ, ಈ ಗಿರಿಯನ್ನೂ.

ಈಗ ಕೆಲವರು ಕೇಳಬಹುದು: ಮಾರಿಕಣಿವೆಗೆ ಈಚಿನ ವರ್ಷಗಳಲ್ಲಿ ಭದ್ರೆಯ ನೀರನ್ನೂ ಎತ್ತಿ ಹರಿಸಿದ್ದಾರಲ್ಲ, ಗಿರಿಯ ತೊರೆಯೇ ಎಲ್ಲ ತುಂಬಿಸಿತೆ? ಸರಿಯಾದ ಪ್ರಶ್ನೆ. ಭದ್ರಾ ಮೇಲ್ದಂಡೆ ಯೋಜನೆಯ ಕಾಲುವೆಯಿಂದ ಬಂದ ನೀರೂ ಅದರಲ್ಲಿ ಸೇರಿದೆ. ಆದರೆ ಭದ್ರೆ ಹುಟ್ಟುವುದೆಲ್ಲಿ? ಕುದುರೆಮುಖದ ಶ್ರೇಣಿಯ ಗಂಗಾಮೂಲದಲ್ಲಿ, ಇಂಥದೇ ಶೋಲಾ ಕಾಡಿನ ಮಡಿಲಲ್ಲಿ. ದಾವಣಗೆರೆಯ ಅಚ್ಚುಕಟ್ಟಿನ ಭತ್ತದ ಗದ್ದೆಗಳಿಗೆ ಹರಿಯುವುದೂ ಅದೇ ಭದ್ರೆ. ಹಿರಿಯೂರಿನ ತೆಂಗು, ಚಿತ್ರದುರ್ಗ ಚಳ್ಳಕೆರೆಯ ನಲ್ಲಿ, ದಾವಣಗೆರೆಯ ಗದ್ದೆ ಎಲ್ಲದರ ಬೇರು ಹೋಗಿ ನಿಲ್ಲುವುದು ಮೋಡ ತಂಗುವ ಆ ಕಾಡುಗಳಲ್ಲೇ.

ಹಕ್ಕಿಯ ಮಾತು ಬಿಟ್ಟೆನೆಂದು ಮೊಮ್ಮಗಳು ಕೋಪಿಸಿಕೊಂಡಾಳು. ಹುಡುಗ ಕೈಸನ್ನೆ ಮಾಡಿದ ಕಡೆ ನೋಡಿದರೆ ಕತ್ತಲ ನೆಲದಲ್ಲಿ, ಕೊಳೆತ ಮರದ ದಿಮ್ಮಿಯ ಪಕ್ಕ, ಏನೋ ಕುಪ್ಪಳಿಸಿತು. ಗುಬ್ಬಿಗಿಂತ ಸ್ವಲ್ಪ ದೊಡ್ಡದು, ಉದ್ದ ಕಾಲು, ಮೋಡದ ಬಣ್ಣಕ್ಕೆ ನೀಲಿ ಬೆರೆಸಿದ ಮೈ, ಪಕ್ಕೆಯಲ್ಲಿ ಇಟ್ಟಿಗೆಯ ಕೆಂಪು. ಎಲೆಯೊಂದನ್ನು ಕೊಕ್ಕಿನಿಂದ ತಿರುವಿತು, ಕೆಳಗಿದ್ದದ್ದನ್ನು ಹೆಕ್ಕಿತು, ಒಮ್ಮೆ ನಮ್ಮತ್ತ ನೋಡಿ ಪೊದೆಯೊಳಗೆ ಸರಿಯಿತು. ಎಣಿಸಿದರೆ ಹತ್ತು ಸೆಕೆಂಡು. ನೀಲಗಿರಿ ಬ್ಲೂ ರಾಬಿನ್ ಎನ್ನುತ್ತಾರೆ. ನೀಲಗಿರಿಯಲ್ಲಿ ಮತ್ತು ನಮ್ಮ ಬಾಬಾಬುಡನ್ ಬೆಟ್ಟಗಳಲ್ಲಿ ಇರುವ, ಅಳಿವಿನಂಚಿನ ಹಕ್ಕಿ. 2017ರಲ್ಲಿ ವಿಜ್ಞಾನಿಗಳು ಇದರ ಕುಲಕ್ಕೇ ಶೋಲಿಕೋಲಾ ಎಂದು ಹೆಸರಿಟ್ಟರು. ಶೋಲಾದಲ್ಲಿ ವಾಸಿಸುವುದು ಎಂದರ್ಥ. ಕಾಡು ಹೋದರೆ ಅದಕ್ಕೆ ಬೇರೆ ಮನೆ ಇಲ್ಲ ಎಂಬುದು ಹೆಸರಿನಲ್ಲೇ ಇದೆ. ಹಾರಿ ಬೇರೆ ಬೆಟ್ಟಕ್ಕೆ ಹೋಗೋಣವೆಂದರೆ ನಡುವೆ ಇರುವುದು ಅದು ಎಂದೂ ಇಳಿಯದ ಬಯಲು.

ಮರಳಿ ಬರುವಾಗ ನೀಲಗಿರಿಯ ಕಾಡುಪಾರಿವಾಳ ಕಂಡಿತು. ಹಣ್ಣನ್ನು ಇಡಿಯಾಗಿ ನುಂಗಿ, ಬೀಜವನ್ನು ಇನ್ನೆಲ್ಲೋ ಹಾಕುವ ಹಕ್ಕಿ. "ಕಾಡು ನೆಡುವವನು ಇವನೇ ಅಮ್ಮ" ಎಂದ ಹುಡುಗ. ಅವನು ಓದಿದ್ದು ಏಳನೆಯ ತರಗತಿ. ಅವನಿಂದ ನಾನು ಕಲಿತದ್ದನ್ನು ನನ್ನ ಯಾವ ಪಠ್ಯಪುಸ್ತಕದಲ್ಲೂ ಕಂಡಿರಲಿಲ್ಲ.

ಇನ್ನು ಹೇಳಲು ಕಷ್ಟವಾದದ್ದನ್ನು ಹೇಳುತ್ತೇನೆ.

ಅದೇ ದಿನ ಮಧ್ಯಾಹ್ನ ಗಿರಿಯ ರಸ್ತೆಗೆ ಹೋದೆವು. ಭಾನುವಾರ. ತಿರುವಿನಿಂದ ತಿರುವಿಗೆ ಕಾರುಗಳ ಸಾಲು. ರಸ್ತೆಯಲ್ಲಿ ಜಾಗ ಸಿಗದೆ ಮೂರು ಗಾಡಿಗಳನ್ನು ಹುಲ್ಲುಗಾವಲಿಗೇ ಇಳಿಸಿದ್ದರು. ಹಸಿ ಹುಲ್ಲಿನಲ್ಲಿ ಚಕ್ರ ಹೂತು, ತಿರುಗಿ ತಿರುಗಿ, ಕೆಮ್ಮಣ್ಣಿನ ಎರಡು ಕಾಲುವೆಗಳೇ ಆಗಿದ್ದವು. ಒಂದು ಕಾರಿನ ಹಿಂಬಾಗಿಲು ತೆರೆದು ದೊಡ್ಡ ಸ್ಪೀಕರ್‌ನಲ್ಲಿ ಹಾಡು ಹಾಕಿ ಕುಣಿಯುತ್ತಿದ್ದರು. ಕುರುಕಲಿನ ಪೊಟ್ಟಣಗಳು ಗಾಳಿಗೆ ಹಾರಿ ಶೋಲಾದ ಮರಗಳಿಗೆ ಸಿಕ್ಕಿಕೊಂಡಿದ್ದವು. ಕೋತಿಗಳು ಖಾಲಿ ಬಾಟಲಿಯ ಬಾಯಿ ನೆಕ್ಕುತ್ತಿದ್ದವು. ಆ ಮೂರು ಗಾಡಿಗಳಲ್ಲಿ ಎರಡರ ನಂಬರು ಕೆಎ 16, ಇನ್ನೊಂದು ಕೆಎ 17. ದುರ್ಗದವರು, ದಾವಣಗೆರೆಯವರು. ನಮ್ಮವರು.

ನಾನು ಹತ್ತಿರ ಹೋಗಿ ಮಾತಾಡಿಸಿದೆ. ಒಳ್ಳೆಯ ಹುಡುಗರು. ಅವರಲ್ಲೊಬ್ಬ ಹಿರಿಯೂರಿನ ಪಕ್ಕದ ಹಳ್ಳಿಯವನೇ. ಎದ್ದು ನಿಂತು ನಮಸ್ಕಾರ ಮಾಡಿ ಮಂಡಕ್ಕಿ ಕೊಟ್ಟ. "ನಿಮ್ಮ ತೋಟಕ್ಕೆ ನೀರು ಯಾವುದಪ್ಪ?" ಎಂದೆ. "ಡ್ಯಾಮಿನ ಚಾನಲ್ ಟೀಚರ್" ಎಂದ. ಅವನ ಗಾಡಿಯ ಚಕ್ರ ನಿಂತಿದ್ದ ಜಾಗವನ್ನು ತೋರಿಸಿ, "ಆ ನೀರು ಶುರುವಾಗುವುದು ಇಲ್ಲಿ" ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಹೋಗಿ ಹಾಡು ನಿಲ್ಲಿಸಿದ, ಗೆಳೆಯರನ್ನು ಕರೆದು ಪೊಟ್ಟಣಗಳನ್ನು ಹೆಕ್ಕಿದ. ಅವನಿಗೆ ಗೊತ್ತಿರಲಿಲ್ಲ, ಅಷ್ಟೇ. ಯಾರೂ ಹೇಳಿರಲಿಲ್ಲ. ಅವನ ವಯಸ್ಸಿನ ಸಾವಿರಾರು ಮಕ್ಕಳಿಗೆ ಕಪ್ಪು ಹಲಗೆಯ ಮೇಲೆ ಗೆರೆ ಎಳೆದು ತೋರಿಸಿ ಸುಮ್ಮನಾದವಳು ನಾನೇ. ಅದಕ್ಕೇ ಈ ಪತ್ರ.

ಕೋಸ್ಟರಿಕಾ ಎಂಬ ಪುಟ್ಟ ದೇಶದ ಬೆಟ್ಟದ ಮೇಲೆ ಮಾಂಟೆವರ್ಡೆ ಎಂಬ ಹಳ್ಳಿಯಿದೆ. ಹಕ್ಕಿ ನೋಡುವವರಿಗೆ ಅದೊಂದು ಯಾತ್ರಾಸ್ಥಳ. ಉದ್ದ ಬಾಲದ, ಹೊಳೆಯುವ ಹಸಿರಿನ ಕೆಟ್ಸಾಲ್ ಹಕ್ಕಿಯನ್ನು ಹುಡುಕಿಕೊಂಡು ಜಗತ್ತಿನ ಮೂಲೆ ಮೂಲೆಯಿಂದ ಬರುತ್ತಾರೆ. ಅಲ್ಲಿಯದೂ ಮೋಡದ ಕಾಡು. 1951ರಲ್ಲಿ ಅಮೆರಿಕದಿಂದ ಬಂದು ನೆಲೆಸಿದ, ಕ್ವೇಕರ್ ಎಂಬ ಕ್ರೈಸ್ತ ಪಂಗಡದ ಕೆಲವು ಕುಟುಂಬಗಳು ದನ ಸಾಕಿ, ಚೀಸ್ ಮಾಡಿ ಬದುಕಿದವು. ಹುಲ್ಲುಗಾವಲಿಗಾಗಿ ಕೆಳಗಿನ ಕಾಡನ್ನು ಕಡಿದರೂ ಬೆಟ್ಟದ ನೆತ್ತಿಯ ಕಾಡನ್ನು ಮುಟ್ಟಲಿಲ್ಲ. ಊರಿನ ನೀರು ಅಲ್ಲಿಂದ ಬರುತ್ತದೆ ಎಂಬುದು ಅವರಿಗೆ ಗೊತ್ತಿತ್ತು. 1972ರಲ್ಲಿ ಅಲ್ಲಿ ಸಂರಕ್ಷಿತ ಕಾಡು ಹುಟ್ಟಿತು. ಬಹುಕಾಲ ಊರಿನ ರಸ್ತೆ ಕಲ್ಲುಮಣ್ಣಿನದೇ ಆಗಿತ್ತು. ರಸ್ತೆ ನುಣುಪಾದರೆ ಜನ ಮುಗಿಬೀಳುತ್ತಾರೆ, ಡಾಂಬರು ಬೇಡ ಎಂದು ಊರಿನ ಹಲವರೇ ಹೇಳುತ್ತಿದ್ದರು. ಅಷ್ಟು ಎಚ್ಚರದಿಂದ ಕಾಯ್ದ ಕಾಡಿನಲ್ಲೂ ಚಿನ್ನದ ಬಣ್ಣದ ಒಂದು ಕಪ್ಪೆ 1989ರ ನಂತರ ಯಾರ ಕಣ್ಣಿಗೂ ಬಿದ್ದಿಲ್ಲ. ಕಾಯ್ದವರ ಮನೆಯಲ್ಲೇ ಹೀಗಾದರೆ ಚಕ್ರ ಹರಿಸಿದವರ ಕಥೆ ಏನು ಎಂದು ನನಗೆ ನಿದ್ದೆ ಬರುವುದಿಲ್ಲ.

ಜಿಲ್ಲಾಡಳಿತದ ಹಿರಿಯರೇ, ಗಿರಿ ನಿಮ್ಮ ವ್ಯಾಪ್ತಿಯಲ್ಲಿಲ್ಲ ಎಂಬುದು ನನಗೆ ಗೊತ್ತು. ಗಿರಿಗೆ ಹೋಗುವ ಜನ ನಿಮ್ಮ ವ್ಯಾಪ್ತಿಯವರು. ಮಾರಿಕಣಿವೆಗೆ ರಜೆಯ ದಿನ ಎಷ್ಟೊಂದು ಜನ ಬರುತ್ತಾರೆ! ಅಣೆಕಟ್ಟೆಯ ಹತ್ತಿರ ನೀರಿನ ಮಟ್ಟ ಬರೆಯುವ ಹಾಗೆಯೇ ನೀರಿನ ಊರನ್ನೂ ಬರೆಯಿಸಿ. ವೇದಾ, ಅವತಿ, ಅಯ್ಯನಕೆರೆ, ಮದಗದ ಕೆರೆ, ಗಿರಿಯ ಶೋಲಾ, ಗಂಗಾಮೂಲ ಎಲ್ಲವೂ ಕಾಣುವಂತೆ ದೊಡ್ಡದೊಂದು ನಕ್ಷೆ ನಿಲ್ಲಿಸಿ. ಮಕ್ಕಳು ಬೆರಳಿಟ್ಟು ನದಿಯ ಮೇಲೆ ನಡೆಯಲಿ. ಅಚ್ಚುಕಟ್ಟಿನ ಸರ್ಕಾರಿ ಶಾಲೆಗಳ ಪ್ರವಾಸವನ್ನು ಒಂದು ವರ್ಷವಾದರೂ ಥೀಮ್ ಪಾರ್ಕಿನ ಬದಲು ವೇದಾವತಿಯ ದಾರಿಯಲ್ಲಿ ಕಳುಹಿಸಿ. ಬಾಗಿನ ಬಿಡುವ ದಿನ ಆ ತಪ್ಪಲಿನ ಹಳ್ಳಿಗಳಿಂದ ನಾಲ್ಕು ಜನರನ್ನು ಕರೆಸಿ, ವೇದಿಕೆಯ ಮೇಲೆ ಕೂರಿಸಿ. 2025ರ ಜನವರಿಯಲ್ಲಿ ಮತ್ತೆ ಕೋಡಿ ಬಿದ್ದಾಗ ಎಷ್ಟೋ ಜನರಿಗೆ ಹಾರ ಹಾಕಿದೆವು. ಕಾಡಿನ ಬುಡದಲ್ಲಿ ಬದುಕಿ ಅದನ್ನು ಉಳಿಸಿದವರ ಹೆಸರು ಯಾರ ಬಾಯಿಗೂ ಬರಲಿಲ್ಲ.

ಗಿರಿಗೆ ಹೋಗುವ ವಾಹನಗಳಿಗೆ ಮಿತಿ ಹಾಕಿ, ಮೊದಲೇ ನೋಂದಾಯಿಸಬೇಕು ಎಂದು ಚಿಕ್ಕಮಗಳೂರಿನಲ್ಲಿ ನಿಯಮ ತಂದಾಗ ನಮ್ಮ ಕಡೆಯ ಕೆಲವರು ಸಿಟ್ಟಾದರು. ನಾನು ಆ ನಿಯಮದ ಪರ. ಹತ್ತು ಕಾರಿನ ಬದಲು ಒಂದು ಬಸ್ ಹೋದರೆ ನಷ್ಟ ಯಾರಿಗೂ ಇಲ್ಲ. ಚಿತ್ರದುರ್ಗ, ಹಿರಿಯೂರು, ದಾವಣಗೆರೆಯಿಂದ ಶನಿವಾರ ಹೊರಟು ಭಾನುವಾರ ಮರಳುವ ಒಂದು ಬಸ್ಸನ್ನು ಸಾರಿಗೆಯವರಿಂದ ಬಿಡಿಸಿ, ಅಲ್ಲಿಯದೇ ಹುಡುಗರು ಕಾಡು ತೋರಿಸುವಂತೆ ಮಾತಾಡಿಸಿ ಎಂದು ಕೈಮುಗಿದು ಕೇಳುತ್ತೇನೆ. ನಮಗೆ ಜೊತೆ ಬಂದ ಹುಡುಗನಿಗೆ ತೋಟದ ಕೂಲಿಗಿಂತ ಆ ದಿನ ಹೆಚ್ಚು ಸಿಕ್ಕಿತು. ಹಕ್ಕಿ ಇದ್ದರೆ ತಾನೇ ತನಗೆ ಆ ಸಂಪಾದನೆ ಎಂದು ಅವನಿಗೆ ಗೊತ್ತಿದೆ.

ಇನ್ನು ನನ್ನ ಜನರೇ, ಹೋಗಬೇಡಿ ಎಂದು ನಾನು ಹೇಳುವುದಿಲ್ಲ. ಹೋಗಿ. ತವರಿಗೆ ಹೋಗುವ ಹಾಗೆ ಹೋಗಿ. ತವರುಮನೆಯ ಅಂಗಳದಲ್ಲಿ ಯಾರೂ ಗಾಡಿ ಹತ್ತಿಸಿ ಗುಂಡಿ ಮಾಡುವುದಿಲ್ಲ, ಮಲಗಿದವರ ಕಿವಿಯ ಬಳಿ ಡೋಲು ಬಾರಿಸುವುದಿಲ್ಲ. ಹೋಗುವಾಗ ತುಂಬಿದ ಚೀಲ ಬರುವಾಗಲೂ ತುಂಬಿರಲಿ. ಖಾಲಿ ಪೊಟ್ಟಣ, ಬಾಟಲಿ ಎಲ್ಲ ಅದರಲ್ಲೇ ಊರಿಗೆ ಬರಲಿ. ಹಕ್ಕಿ ನೋಡಬೇಕೆನ್ನುವವರಿಗೆ ಮೊಮ್ಮಗಳ ಪರವಾಗಿ ಇನ್ನೊಂದು ಮಾತು. ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಅದನ್ನು ಹೊರಗೆಳೆಯಬೇಡಿ. ತನ್ನ ಜಾಗಕ್ಕೆ ಬೇರೊಂದು ಗಂಡು ನುಗ್ಗಿತು ಎಂದು ಗಾಬರಿಯಾಗಿ ಅದು ಓಡಿ ಬರುತ್ತದೆ. ಮರಿಗೆ ಉಣಿಸುವ ಹೊತ್ತನ್ನು ಇಲ್ಲದ ಶತ್ರುವನ್ನು ಹುಡುಕುವುದರಲ್ಲಿ ಕಳೆಯುತ್ತದೆ. ಕೂತು ಕಾಯಿರಿ. ಕಾಣದಿದ್ದರೆ ಮುಂದಿನ ಸಲ.

2022ರಲ್ಲಿ ಮಾರಿಕಣಿವೆ ಕೋಡಿ ಬಿದ್ದ ಅದೇ ಹೊತ್ತಿಗೆ ಗಿರಿಯಲ್ಲಿ ನೀಲಕುರಿಂಜಿ ಅರಳಿತ್ತು. ಹನ್ನೆರಡು ವರ್ಷಕ್ಕೊಮ್ಮೆ ಎನ್ನುವ ಹೂವು. ಮೇಲೆ ಬೆಟ್ಟವೆಲ್ಲ ನೀಲಿ, ಕೆಳಗೆ ನಮ್ಮ ಅಣೆಕಟ್ಟೆ ತುಂಬಿ ನೀಲಿ. ಆಗ ನಾವು ಕೆಳಗಿನದನ್ನು ಮಾತ್ರ ನೋಡಿದೆವು. ಅದಕ್ಕೆ ಕೆಲವು ವರ್ಷ ಮೊದಲು ಅಣೆಕಟ್ಟೆ ತಳ ಕಂಡಾಗ ನಮ್ಮ ತೋಟದಲ್ಲಿ ಅರವತ್ತು ತೆಂಗಿನ ಮರಗಳು ಸುಳಿ ಒಣಗಿ ನಿಂತಿದ್ದವು. ಟ್ಯಾಂಕರ್ ನೀರು ಹಾಕಿ ಹಾಕಿ ನನ್ನ ಯಜಮಾನರು ಸೋತು, ಒಂದು ದಿನ ಮರದ ಬುಡದಲ್ಲೇ ಕುಳಿತುಬಿಟ್ಟರು. ಅವರ ಆ ಮುಖ ನನಗೆ ಮರೆಯುವಂಥದ್ದಲ್ಲ. ನಿಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಇದೇ ಆಗಿದೆ.

ಬರುವ ಅಕ್ಟೋಬರ್‌ನ ಎರಡನೆಯ ಶನಿವಾರ ನಮ್ಮ ಬೀದಿಯ ಹದಿನೇಳು ಜನ ಒಂದು ಮಿನಿ ಬಸ್ ಮಾಡಿಕೊಂಡು ಹೊರಡುತ್ತಿದ್ದೇವೆ. ಕೋಡಿಗೆ ಮಡಿಲಕ್ಕಿ ಬಿಟ್ಟ ಅಜ್ಜಿಯೂ ಬರುತ್ತಾರೆ. ಕುರ್ಚಿಯನ್ನು ಬಸ್ಸಿನ ಮೇಲೆ ಕಟ್ಟುತ್ತೇವೆ. ಅವರನ್ನು ಶೋಲಾದ ಅಂಚಿಗೆ ಕರೆದುಕೊಂಡು ಹೋಗಿ, ಆ ಪಾಚಿಯ ಮೇಲೆ ಅವರ ಅಂಗೈ ಇಡಿಸಬೇಕು ಎಂದು ಮೊಮ್ಮಗಳು ಹಟ ಹಿಡಿದಿದ್ದಾಳೆ. ಬಸ್ಸಿನಲ್ಲಿ ಇನ್ನೂ ಮೂರು ಸೀಟು ಖಾಲಿ ಇವೆ. ಜಿಲ್ಲಾಡಳಿತದಿಂದ ಯಾರಾದರೂ ಬರುವುದಾದರೆ ಕಾಯ್ದಿರಿಸುತ್ತೇವೆ.

ನಿಮ್ಮವಳು,
ಹಿರಿಯೂರಿನ ಒಬ್ಬ ನಿವೃತ್ತ ಶಿಕ್ಷಕಿ